ಬುಝೂಕಿಯಲ್ಲಿ ಬಾಖ್: ಎಂಟು ತಂತಿ, ಹೊಸ ಕುದುರೆ, ಹೊಸ ನಟ್

ಬುಝೂಕಿ ಉದ್ದ ದಂಡಿಯ ಗ್ರೀಕ್ ತಂತಿವಾದ್ಯ. ನಾಲ್ಕು ಜೋಡಿ ತಂತಿಯ ಬುಝೂಕಿಯನ್ನು ಕೆಳಗಿನಿಂದ ಮೇಲಕ್ಕೆ ಸಿ, ಎಫ್, ಎ, ಡಿ ಎಂದು ಶ್ರುತಿ ಮಾಡುತ್ತಾರೆ. ಎ ಮತ್ತು ಡಿ ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ. ಸಿ ಮತ್ತು ಎಫ್ ಜೋಡಿಗಳಲ್ಲಿ ಮಾತ್ರ ಒಂದು ತಂತಿ ದಪ್ಪ, ಇನ್ನೊಂದು ತೆಳು. ತೆಳುವಾದದ್ದು ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಹಾಡಿನ ಮಟ್ಟು ನುಡಿಸುವಾಗ ಈ ಏರ್ಪಾಡು ಬಹಳ ಚೆನ್ನ. ಒಂದೇ ಏಟಿಗೆ ಎರಡು ಸ್ಥಾಯಿ ಸಿಗುತ್ತದೆ, ಗದ್ದಲದ ಕೋಣೆಯಲ್ಲೂ ವಾದ್ಯದ ದನಿ ಎದ್ದು ಕೇಳುತ್ತದೆ.

ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್ ಬರೆದದ್ದನ್ನು ನುಡಿಸಲು ಕೂತಾಗ ಇದೇ ಏರ್ಪಾಡು ತೊಡಕಾಗುತ್ತದೆ. ಎಫ್ ಜೋಡಿಯ ತೆಳು ತಂತಿಯ ಸ್ವರ ಎಲ್ಲಿದೆ ನೋಡಿ. ಅದು ಎಲ್ಲಕ್ಕಿಂತ ಮೇಲಿರಬೇಕಾದ ಡಿ ತಂತಿಗಿಂತಲೂ ಮೂರು ಅರ್ಧಸ್ವರ ಮೇಲಿದೆ! ಅಂದರೆ ಎಫ್ ಜೋಡಿ ಮೀಟಿದರೆ ಡಿ ಜೋಡಿಯ ತಲೆಯ ಮೇಲೆ ಒಂದು ಸ್ವರ ಹುಟ್ಟುತ್ತದೆ. ಒಂದೇ ಮಟ್ಟು ನುಡಿಸುವಾಗ ಕಿವಿ ಅದನ್ನು ಬಣ್ಣ ಅಂದುಕೊಳ್ಳುತ್ತದೆ. ಎರಡು ಮೂರು ದನಿಗಳು ಒಟ್ಟಿಗೆ ನಡೆಯುವ ಸಂಗೀತದಲ್ಲಿ ಅದು ಬೇರೆಯೇ ದನಿಯಾಗಿ ಕೇಳುತ್ತದೆ. ಬರೆದವರು ಬರೆಯದೇ ಇದ್ದ ದನಿ.

ಇದನ್ನು ಸರಿಮಾಡಲು ನಾನು ಮಾಡಿದ ಕೆಲಸದ ವಿವರ ಇಲ್ಲಿದೆ. ಮೊದಲೇ ಒಂದು ಮಾತು: ವಾದ್ಯದ ಮರಕ್ಕೆ ಹೊಸದಾಗಿ ಒಂದು ತೂತೂ ಕೊರೆದಿಲ್ಲ. ತಂತಿ, ಕುದುರೆ (ಹಲಗೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ತುಂಡು), ನಟ್ (ದಂಡಿಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ), ಬಾಲದ (ತಂತಿಗಳನ್ನು ಕಟ್ಟುವ ಕೆಳತುದಿ) ಹತ್ತಿರ ಒಂದು ತುಂಡು ಫೆಲ್ಟ್ ಬಟ್ಟೆ. ಇಷ್ಟರಲ್ಲೇ ಬೇಕಾದದ್ದೆಲ್ಲ ಸಿಕ್ಕಿತು.

ಬುಝೂಕಿಯೇ ಯಾಕೆ

ನಾನಿರುವುದು ಅಥೆನ್ಸ್‌ನಲ್ಲಿ. ಇಲ್ಲಿ ಬುಝೂಕಿ ಎಲ್ಲೆಲ್ಲೂ ಕೇಳುತ್ತದೆ, ಆಸೆ ಹುಟ್ಟಿದ್ದು ಹಾಗೇ. ಆದರೆ ಬಾಖ್ ಯೋಚನೆ ಬಂದದ್ದು ಒಂದು ಲೆಕ್ಕದಿಂದ. ಬುಝೂಕಿಯ ಕೆಳಗಿನ ಸಿ ಮತ್ತು ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಿಯೋಲಾದ ಕೆಳಗಿನ ಸಿ ಒಂದೇ ಸ್ವರ. ಅದೇ ಬಳಗದ ಇನ್ನೂ ದೊಡ್ಡ ವಾದ್ಯ ಚೆಲೋದ ಕೆಳಗಿನ ಸಿ ಇದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಬಾಖ್ ಸುಮಾರು 1720ರ ಹೊತ್ತಿಗೆ ಬರೆದ, ನೃತ್ಯದ ತುಣುಕುಗಳ ಮಾಲೆಗಳಾದ ಆರು ಚೆಲೋ ಸ್ವೀಟ್‌ಗಳನ್ನು ವಿಯೋಲಾ ನುಡಿಸುವವರು ಒಂದು ಸ್ಥಾಯಿ ಮೇಲಕ್ಕೆ ಎತ್ತಿ ನುಡಿಸುತ್ತಾರೆ. ಅವರು ಓದುವ ಹಾಳೆಯನ್ನೇ ಬುಝೂಕಿಯ ಮುಂದೆ ಇಟ್ಟುಕೊಳ್ಳಬಹುದು. ಮೊದಲ ಸ್ವೀಟ್‌ನ ಅತಿ ಮೇಲಿನ ಜಿ ಸ್ವರ ಡಿ ತಂತಿಯಡಿ ದಂಡಿಯ ಮೇಲಿನ 17ನೇ ಮೆಟ್ಟಿನಲ್ಲಿ, ಅಂದರೆ 17ನೇ ಫ್ರೆಟ್‌ನಲ್ಲಿ ಸಿಗುತ್ತದೆ. ನನ್ನ ವಾದ್ಯದಲ್ಲಿ 26 ಫ್ರೆಟ್ ಇವೆ. ಕೆಳಗೆ ಒಂದು ಸ್ವರವನ್ನೂ ಬಿಡಬೇಕಿಲ್ಲ, ಮೇಲೆ ಜಾಗ ಇನ್ನೂ ಉಳಿಯುತ್ತದೆ.

ಮೂರು ಜೋಡಿಯ ಹಳೆಯ ಬುಝೂಕಿಯ ಶ್ರುತಿ ಡಿ, ಎ, ಡಿ. ಹಳೆಯ ತಲೆಮಾರಿನ ಬುಝೂಕಿ ವಾದಕ ಮಾರ್ಕೋಸ್ ವಾಂವಾಕಾರಿಸ್ ಪಿರೇಯಸ್ ಬಂದರಿನ ಸುತ್ತ ನುಡಿಸಿದ್ದು, ರೆಬೆಟಿಕೊ ಎಂಬ ಗ್ರೀಕ್ ನಗರದ ಜನಪದ ಹಾಡುಗಳು ಬೆಳೆದದ್ದು ಆ ವಾದ್ಯದ ಮೇಲೆ. ಆ ಹಾಡುಗಳಿಗೆ ಇವತ್ತಿಗೂ ಅದೇ ಸರಿ. ಆಧಾರಸ್ವರ ಹಿಡಿದು ಒಂದೇ ತಂತಿಯ ಮೇಲೆ ಓಡಾಡುವ ನಡೆಗೆ ಡಿ-ಎ-ಡಿ ಹೇಳಿಮಾಡಿಸಿದ ಹಾಗಿದೆ. ನಾಲ್ಕು ಜೋಡಿಯ ವಾದ್ಯವನ್ನು 1950ರ ದಶಕದಲ್ಲಿ ಜನಪ್ರಿಯ ಮಾಡಿದವರು ಮನೋಲಿಸ್ ಹಿಯೋಟಿಸ್. ಗಿಟಾರಿನ ಮೇಲಿನ ನಾಲ್ಕು ತಂತಿಗಳ ನಡುವೆ ಎಷ್ಟು ಅಂತರವೋ ಇದರಲ್ಲೂ ಅಷ್ಟೇ. ಎಲ್ಲವೂ ಒಂದು ಪೂರ್ಣಸ್ವರ ಕೆಳಗಿರುತ್ತದೆ, ಅಷ್ಟೇ ವ್ಯತ್ಯಾಸ. ಗಿಟಾರ್ ಗೊತ್ತಿರುವವರಿಗೆ ಸ್ವರಮೇಳಗಳು ಕೈಗೆ ತಾನಾಗಿ ಬರುತ್ತವೆ.

ಜಾನಪದ ವಾದ್ಯವನ್ನು ಹೀಗೆ ಬದಲಾಯಿಸುವುದು ಸರಿಯೇ ಅಂತ ಕೇಳುವವರಿದ್ದಾರೆ. ಬುಝೂಕಿ ಯಾವತ್ತೂ ಒಂದೇ ರೂಪದಲ್ಲಿ ನಿಂತ ವಾದ್ಯ ಅಲ್ಲ. ಅಥೆನ್ಸ್‌ನ ಪ್ಲಾಕಾದಲ್ಲಿ ಜಾನಪದ ವಾದ್ಯಗಳ ವಸ್ತುಸಂಗ್ರಹಾಲಯ ಇದೆ. ಫಿವೋಸ್ ಅನೊಯಾನಾಕಿಸ್ ಜೀವಮಾನವಿಡೀ ಕೂಡಿಟ್ಟ ವಾದ್ಯಗಳು ಅಲ್ಲಿವೆ. ತಂಬೂರಾಸ್ ಎಂಬ ಹಳೆಯ ವಾದ್ಯದ ದಂಡಿಗೆ ಫ್ರೆಟ್‌ಗಳನ್ನು ದಾರದ ಹಾಗೆ ಸುತ್ತಿ ಕಟ್ಟುತ್ತಿದ್ದರು. ಬೇಕಾದಾಗ ಸರಿಸಬಹುದಿತ್ತು. ಅದೇ ವಂಶದ ಬುಝೂಕಿಗೆ ಲೋಹದ ಫ್ರೆಟ್ ಬಂತು, ಮ್ಯಾಂಡೊಲಿನ್ ಮಾಡುವವರ ಕೈಯಿಂದ ಪಟ್ಟಿ ಜೋಡಿಸಿದ ಹೊಟ್ಟೆ ಬಂತು, ಆಮೇಲೆ ನಾಲ್ಕನೇ ಜೋಡಿ ಬಂತು. 1964ರಲ್ಲಿ ಮಿಕಿಸ್ ಥಿಯೊಡೊರಾಕಿಸ್ ಅವರು ಒದಿಸ್ಸೆಯಾಸ್ ಎಲಿತಿಸ್ ಅವರ 'ಆಕ್ಸಿಯೋನ್ ಎಸ್ತಿ' ಕಾವ್ಯಕ್ಕೆ ಕೂಡಿಸಿದ ಸಂಗೀತವನ್ನು ಮೊದಲ ಸಲ ಪ್ರದರ್ಶಿಸಿದಾಗ ವಾದ್ಯವೃಂದ, ಗಾಯಕವೃಂದಗಳ ನಡುವೆಯೇ ಬುಝೂಕಿಯನ್ನೂ ಕೂರಿಸಿದರು. ದಾರಿ ಆಗಲೇ ತೆರೆದಿತ್ತು. ನನ್ನದು ಅದರ ಮೇಲೆ ಒಂದು ಸಣ್ಣ ಹೆಜ್ಜೆ.

ಕೈಗೆ ಬಂದ ವಾದ್ಯ

ಹಳೆಯದೊಂದು ವಾದ್ಯ ಕೊಂಡೆ. ಹೊಟ್ಟೆ ಆಕ್ರೋಟ ಮರದ ಪಟ್ಟಿಗಳದ್ದು, ಮುಖದ ಹಲಗೆ ಸ್ಪ್ರೂಸ್ ಮರದ್ದು. ನಟ್‌ನಿಂದ ಕುದುರೆವರೆಗೆ ತಂತಿಯ ಉದ್ದ 670 ಮಿ.ಮೀ. ದಂಡಿ ನೆಟ್ಟಗಿತ್ತು. ಉದ್ದ ದಂಡಿಯ ಹಳೆಯ ವಾದ್ಯ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಉಳಿದದ್ದನ್ನೆಲ್ಲ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು. ಸೊಟ್ಟಗಾದ ದಂಡಿ ಮಾತ್ರ ದೊಡ್ಡ ಕೆಲಸ.

ಎರಡು ತೊಂದರೆ ಇದ್ದವು. ಒಳಗಿನ ಒಂದು ಅಡ್ಡಪಟ್ಟಿಯ ಅಂಟು ಬಿಟ್ಟು, ಎ ಸ್ವರ ಮೀಟಿದಾಗಲೆಲ್ಲ ಝರ್ ಅನ್ನುತ್ತಿತ್ತು. ಅದನ್ನು ನಮ್ಮ ಬೀದಿಯ ಹಿರಿಯ ವಾದ್ಯಗಾರರು ಕೂಡಿಸಿಕೊಟ್ಟರು. ನಾದರಂಧ್ರದೊಳಗೆ ಕೈ ಹಾಕಿ ಪಟ್ಟಿಗೆ ಅಂಟು ಮುಟ್ಟಿಸುವುದು ಅಭ್ಯಾಸ ಇದ್ದವರಿಗೇ ಸರಿ. ಎರಡನೆಯದು ಇನ್ನೂ ವಿಚಿತ್ರ. ಹಿಂದೆ ಯಾರೋ ಕುದುರೆಯನ್ನು ಸೂಪರ್ ಗ್ಲೂ ಹಾಕಿ ಹಲಗೆಗೆ ಅಂಟಿಸಿದ್ದರು. ಬುಝೂಕಿಯ ಕುದುರೆಗೆ ಅಂಟು ಬೇಡವೇ ಬೇಡ. ತಂತಿಗಳ ಒತ್ತಡಕ್ಕೇ ಅದು ನಿಲ್ಲುತ್ತದೆ, ಹಿಂದೆ ಮುಂದೆ ಸರಿಸಿ ಶ್ರುತಿ ಸರಿಮಾಡಲೆಂದೇ ಬಿಡಿಯಾಗಿರುತ್ತದೆ. ಅಸಿಟೋನ್ ಹಾಕಿದರೆ ಅಂಟಿನ ಜೊತೆ ವಾರ್ನಿಶ್ ಕೂಡ ಕರಗಿ ಹೋಗುತ್ತದೆ. ಹಾಗಾಗಿ ತೆಳು ಚಾಕುವನ್ನು ಬಿಸಿ ಮಾಡಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ತೂರಿಸಿದೆ. ಬಿಸಿಗೆ ಆ ಅಂಟು ಸಡಿಲವಾಗುತ್ತದೆ. ಅವಸರ ಮಾಡಿದರೆ ಸ್ಪ್ರೂಸ್‌ನ ನಾರು ಕಿತ್ತು ಬರುತ್ತದೆ. ನಿಧಾನಕ್ಕೆ ಮಾಡಿದ್ದರಿಂದ ಕುದುರೆ ಪೂರ್ತಿಯಾಗಿ ಎದ್ದು ಬಂತು, ಹಲಗೆಗೆ ಏನೂ ಆಗಲಿಲ್ಲ.

ದಪ್ಪ ತೆಳು ಜೋಡಿ ತೆಗೆಯುತ್ತೇನೆ ಅಂದಾಗ ಹಿರಿಯರಿಗೆ ಇಷ್ಟ ಆಗಲಿಲ್ಲ. ವಾದ್ಯ ಮಾಡುವವರನ್ನು ಇಲ್ಲಿ 'ಮಾಸ್ಟೊರಾ' ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುವುದು.

"ಅದನ್ನ ತೆಗೆದ್ರೆ ಬುಝೂಕಿ ದನಿ ಹೋಗುತ್ತಪ್ಪ" ಅಂದರು.

"ಮಾಸ್ಟೊರಾ, ಮರ ಮುಟ್ಟೋದಿಲ್ಲ. ತಂತಿ, ಕುದುರೆ, ನಟ್ ಅಷ್ಟೇ. ಬೇಡ ಅನಿಸಿದ್ರೆ ಮೊದಲಿನ ಹಾಗೇ ಕೂರಿಸಬಹುದು."

"ಹಾಗಾದ್ರೆ ಮಾಡು. ಹಳೇ ಕುದುರೆ ಬಿಸಾಕಬೇಡ. ನಟ್ಟನ್ನೂ ಇಟ್ಕೋ."

ಎರಡೂ ಈಗ ಪೆಟ್ಟಿಗೆಯಲ್ಲಿ ಭದ್ರವಾಗಿವೆ.

ತೊಂದರೆ ಎಲ್ಲಿ ಕೇಳುತ್ತದೆ

ಮೊದಲ ಚೆಲೋ ಸ್ವೀಟ್‌ನ ಆರಂಭದ ತುಣುಕು, ಪ್ರೆಲ್ಯೂಡ್, ಹೇಗೆ ಶುರುವಾಗುತ್ತದೆ ಅಂತ ಬಹಳ ಜನ ಕೇಳಿರುತ್ತಾರೆ. ಜಿ, ಡಿ, ಬಿ ಎಂದು ಮೂರು ಸ್ವರ ಒಂದರ ಮೇಲೊಂದು ಏರುತ್ತವೆ. ಆಮೇಲೆ ಬಿ ಯಿಂದ ಎ ಗೆ ಇಳಿದು ಮತ್ತೆ ಬಿ ಗೆ ಬರುತ್ತದೆ. ಬುಝೂಕಿಯಲ್ಲಿ ಜಿ ಯನ್ನು ಎಫ್ ತಂತಿಯ 2ನೇ ಫ್ರೆಟ್‌ನಲ್ಲಿ ಹಿಡಿಯಲು ಹೋದರೆ ಬಿ ಇರುವುದು ಡಿ ತಂತಿಯ 9ನೇ ಫ್ರೆಟ್‌ನಲ್ಲಿ. ನಡುವೆ ಸುಮಾರು 20 ಸೆಂ.ಮೀ. ಯಾವ ಕೈಯೂ ಅಷ್ಟು ಚಾಚುವುದಿಲ್ಲ. ಆದ್ದರಿಂದ ಜಿ ಯನ್ನು ಸಿ ತಂತಿಯ 7ರಲ್ಲಿ, ಡಿ ಸ್ವರವನ್ನು ಎಫ್ ತಂತಿಯ 9ರಲ್ಲಿ, ಬಿ ಯನ್ನು ಡಿ ತಂತಿಯ 9ರಲ್ಲಿ ಹಿಡಿಯಬೇಕು. 7 ಮತ್ತು 9ನೇ ಫ್ರೆಟ್‌ಗಳ ನಡುವೆ 5 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಕೈ ಆರಾಮಾಗಿ ಕೂರುತ್ತದೆ.

ಆದರೆ ಜಿ ಮತ್ತು ಡಿ ಎರಡೂ ಈಗ ದಪ್ಪ ತೆಳು ಜೋಡಿಗಳ ಮೇಲೆ ಬಂದವು. ಜಿ ಮೀಟಿದರೆ ಮೇಲಿನ ಜಿ ಕೂಡ ನುಡಿಯುತ್ತದೆ. ಡಿ ಮೀಟಿದರೆ ಮೇಲಿನ ಡಿ ಕೂಡ ನುಡಿಯುತ್ತದೆ. ಆ ಮೇಲಿನ ಡಿ ಸ್ವರ ಬಿ ಗಿಂತಲೂ ಮೇಲೆ! ಬಾಖ್ ಬರೆದದ್ದು ಜಿ-ಡಿ-ಬಿ. ಕೇಳುವುದು ಜಿ-ಜಿ-ಡಿ-ಡಿ-ಬಿ, ಅದರಲ್ಲೂ ತುದಿಯಲ್ಲಿ ನಿಲ್ಲುವುದು ಡಿ. ಬಿ ಯಿಂದ ಎ ಗೆ ಇಳಿದು ಮತ್ತೆ ಬಿ ಗೆ ಬರುವ ಆ ಪುಟ್ಟ ಚಲನೆಯೇ ಪ್ರೆಲ್ಯೂಡ್‌ನ ಜೀವ. ಅದು ನಡುವೆ ಎಲ್ಲೋ ಮುಚ್ಚಿ ಹೋಗುತ್ತದೆ.

ಲ್ಯೂಟ್‌ನ (ಯೂರೋಪಿನ ಹಳೆಯ ತಂತಿವಾದ್ಯ) ಕೆಳಗಿನ ಜೋಡಿಗಳಲ್ಲೂ ಒಂದು ತಂತಿ ಸ್ಥಾಯಿ ಮೇಲಿರುತ್ತಿತ್ತಲ್ಲ ಎಂದು ಕೇಳಬಹುದು. ನಿಜ, ಇರುತ್ತಿತ್ತು. ಅಲ್ಲಿ ಕೆಳಗಿನ ಜೋಡಿಗಳು ಬಹಳ ಕೆಳಗಿರುತ್ತವೆ. ಅವುಗಳ ಮೇಲಿನ ಸ್ಥಾಯಿ ಹೆಚ್ಚೆಂದರೆ ನಡುವಿನ ದನಿಗಳ ಹತ್ತಿರ ಬಂದು ನಿಲ್ಲುತ್ತದೆ. ಬುಝೂಕಿಯ ಹರವು ಕಿರಿದು. ಸಿ ಯಿಂದ ಡಿ ವರೆಗೆ ಒಂದು ಸ್ಥಾಯಿ, ಮೇಲೆ ಒಂದು ಸ್ವರ. ಇಷ್ಟರೊಳಗೆ ಸ್ಥಾಯಿ ಜೋಡಿ ಹಾಕಿದರೆ ಅದು ಮೇಲಿನ ದನಿಯನ್ನು ದಾಟಿಯೇ ದಾಟುತ್ತದೆ.

ತಂತಿಯ ಲೆಕ್ಕ

ಹಾಗಾಗಿ ಎಂಟೂ ತಂತಿಯನ್ನು ಸಮಸ್ವರದ ಜೋಡಿ ಮಾಡಿದೆ. ಎಫ್ ಜೋಡಿ ಎರಡೂ ಕೆಳಗಿನ ಎಫ್, ಸಿ ಜೋಡಿ ಎರಡೂ ಕೆಳಗಿನ ಸಿ. ಸುಮ್ನೆ ಇನ್ನೊಂದು ದಪ್ಪ ತಂತಿ ಹಾಕಿದರೆ ಆಯಿತು ಅನ್ನುವ ಹಾಗಿಲ್ಲ. ಹಲಗೆಯ ಮೇಲೆ ಬೀಳುವ ಭಾರ ಬದಲಾಗುತ್ತದೆ, ಬಲಗೈಗೆ ಸಿಗುವ ಬಿಗಿಯೂ ಬದಲಾಗುತ್ತದೆ.

ಲೆಕ್ಕ ಸುಲಭ. ತಂತಿಯ ಉದ್ದವನ್ನು ಎರಡರಿಂದ ಗುಣಿಸಿ, ಸ್ವರದ ಆವರ್ತನದಿಂದ ಮತ್ತೆ ಗುಣಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದನ್ನು ಒಂದು ಮೀಟರ್ ತಂತಿಯ ತೂಕದಿಂದ ಗುಣಿಸಿದರೆ ಎಳೆತ ಸಿಗುತ್ತದೆ. ಉದ್ದ ಮೀಟರಿನಲ್ಲಿ, ತೂಕ ಕಿಲೋದಲ್ಲಿ ಇದ್ದರೆ ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ. 9.8ರಿಂದ ಭಾಗಿಸಿದರೆ ಕೆಜಿ.

ಡಿ ಗೆ 0.010 ಇಂಚಿನ ಬರಿಯ ಉಕ್ಕಿನ ತಂತಿ. ಮೀಟರಿಗೆ ಸುಮಾರು 0.4 ಗ್ರಾಂ. ಡಿ ಯ ಆವರ್ತನ 293.7 ಹರ್ಟ್ಸ್, ಉದ್ದ 0.67 ಮೀ. ಎಳೆತ ಸುಮಾರು 6.3 ಕೆಜಿ. ಎ ಗೆ 0.013 ಇಂಚು ಹಾಕಿದೆ, ಸುಮಾರು 6 ಕೆಜಿ. 0.012 ಹಾಕಿದರೆ ಬರೀ 5 ಕೆಜಿ ಚಿಲ್ಲರೆ. ಮಟ್ಟು ನುಡಿಸಲು ಅದು ಹಗುರ, ಹಿತ. ನಡುವಿನ ದನಿ ಗಟ್ಟಿಯಾಗಿ ನಿಲ್ಲಬೇಕಾದ ಕಡೆ ಅದು ಸೋಲುತ್ತದೆ. ಹಾಗಾಗಿ 0.013.

ಎಫ್ ಮತ್ತು ಸಿ ಗೆ ಸುತ್ತಿದ ತಂತಿ ಬೇಕು. ಇಲ್ಲಿ ದಪ್ಪ ನೋಡಿ ಆರಿಸಬಾರದು, ತೂಕ ನೋಡಿ ಆರಿಸಬೇಕು. ಒಂದೇ ದಪ್ಪದ ಎರಡು ಸುತ್ತಿದ ತಂತಿಗಳ ತೂಕ ಬೇರೆ ಬೇರೆ ಇರಬಹುದು. ಒಳಗಿನ ಎಳೆ ಎಷ್ಟು, ಸುತ್ತಿದ ಲೋಹ ಯಾವುದು ಎನ್ನುವುದರ ಮೇಲೆ ಹೋಗುತ್ತದೆ. ಒಂದೊಂದು ತಂತಿಗೂ 7 ಕೆಜಿ ಎಳೆತ ಇರಲಿ ಅಂದುಕೊಂಡು ಹಿಂದಿನಿಂದ ಲೆಕ್ಕ ಹಾಕಿದೆ. ಎಫ್ ಗೆ ಮೀಟರಿಗೆ ಸುಮಾರು 1.25 ಗ್ರಾಂ, ಸಿ ಗೆ ಸುಮಾರು 2.2 ಗ್ರಾಂ ಬೇಕಾಯಿತು. ತಂತಿ ತಯಾರಿಸುವವರು ಈ ತೂಕದ ಪಟ್ಟಿ ಕೊಡುತ್ತಾರೆ. ಅದರಲ್ಲಿ ಹತ್ತಿರದ್ದನ್ನು ತೆಗೆದುಕೊಂಡೆ. ಎಫ್ ಗೆ ಮೊದಲಿದ್ದ ಸುತ್ತಿದ ತಂತಿಗಿಂತ ಇದು ಹಗುರ. ಜೋಡಿಯಾಗಿ ಎರಡು ಬರುವುದರಿಂದ ಹಗುರವೇ ಒಳ್ಳೆಯದು.

ಎಂಟೂ ಸೇರಿ ಸುಮಾರು 53 ಕೆಜಿ. ಹಳೆಯ ತಂತಿಗಳ ಒಟ್ಟು ಎಳೆತವೂ ಅಷ್ಟರ ಆಸುಪಾಸಿನಲ್ಲೇ ಇತ್ತು. ಹಾಗಾಗಿ ದಂಡಿಗೆ, ಹಲಗೆಗೆ ಹೊಸ ಹೊರೆ ಇಲ್ಲ. ಕುದುರೆಯ ಮೇಲೆ ತಂತಿ ಬಾಗುವ ಕೋನ ನನ್ನ ವಾದ್ಯದಲ್ಲಿ ಸುಮಾರು 10 ಡಿಗ್ರಿ. 53 ಕೆಜಿ ಎಳೆತ ಅಲ್ಲಿ ಹಲಗೆಯನ್ನು ಸುಮಾರು 9 ಕೆಜಿಯಷ್ಟು ಕೆಳಕ್ಕೆ ಒತ್ತುತ್ತದೆ. ತೆಳು ಸ್ಪ್ರೂಸ್ ಹಲಗೆಗೆ ಇದೇನೂ ಕಡಿಮೆ ಭಾರ ಅಲ್ಲ. ದಪ್ಪ ತಂತಿ ಹಾಕಿದರೆ ದನಿ ಜಾಸ್ತಿ ಬರುತ್ತದೆ ಅಂತ ಕೆಲವರು ಏರಿಸುತ್ತಾ ಹೋಗುತ್ತಾರೆ. ಒಂದು ಮಟ್ಟ ದಾಟಿದರೆ ಹಲಗೆ ಬಿಗಿದು ನಿಂತು ದನಿ ಕುಗ್ಗುತ್ತದೆ, ಕಡೆಗೆ ಹಲಗೆ ತಗ್ಗುತ್ತದೆ. ದಯವಿಟ್ಟು ಲೆಕ್ಕ ಹಾಕಿಯೇ ತಂತಿ ಕೊಳ್ಳಿ.

ನೈಲಾನ್ ಹಾಕಿ, ಕ್ಲಾಸಿಕಲ್ ಗಿಟಾರ್ ಹಾಗೆ ಆಗುತ್ತದೆ ಅನ್ನುವ ಸಲಹೆಯೂ ಬಂತು. ಒಪ್ಪಲಿಲ್ಲ. ಈ ಹಲಗೆ, ಈ ಬಿಡಿ ಕುದುರೆ ಕಟ್ಟಿರುವುದು ಉಕ್ಕಿನ ಎಳೆತಕ್ಕೆ. ಕಡಿಮೆ ಎಳೆತದಲ್ಲಿ ಕುದುರೆ ಹಲಗೆಯನ್ನು ಸರಿಯಾಗಿ ಒತ್ತುವುದೇ ಇಲ್ಲ. ಮೇಲಾಗಿ ಉಕ್ಕಿನ ಆ ಬೆಳ್ಳಿಯಂಥ ದನಿ ಬೇಡ ಅನ್ನುವುದಾದರೆ ಗಿಟಾರನ್ನೇ ನುಡಿಸಬಹುದು, ಅಲ್ವಾ?

ಕುದುರೆ

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ ಭಾಗ.

ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಹಿಗ್ಗುತ್ತದೆ, ಸ್ವರ ಸ್ವಲ್ಪ ಏರುತ್ತದೆ. ಅದನ್ನು ಸರಿದೂಗಿಸಲು ಕುದುರೆಯನ್ನು ಲೆಕ್ಕದ ಜಾಗಕ್ಕಿಂತ ತುಸು ಹಿಂದಕ್ಕೆ, ಬಾಲದ ಕಡೆಗೆ ಇಡುತ್ತಾರೆ. ಎಷ್ಟು ಹಿಂದಕ್ಕೆ ಎನ್ನುವುದು ತಂತಿಯಿಂದ ತಂತಿಗೆ ಬೇರೆ. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಶ್ರುತಿ ತಪ್ಪಿದರೆ ಮೇಣ ಬಿಸಿ ಮಾಡಿ ಒಂದೊಂದನ್ನೇ ಸರಿಸಬಹುದು. ಇಲ್ಲಿ ಫ್ರೆಟ್‌ಗಳು ಮರದೊಳಗೆ ಬಡಿದು ಕೂರಿಸಿದವು. ಸರಿಮಾಡಲು ಉಳಿದಿರುವ ಜಾಗ ಕುದುರೆಯ ನೆತ್ತಿ ಒಂದೇ.

ಹಳೆಯ ಕುದುರೆಯ ನೆತ್ತಿ ನೇರವಾಗಿತ್ತು. ದಪ್ಪ ತೆಳು ಜೋಡಿ ಇರುವಷ್ಟು ದಿನ ಬೇರೆ ಸುಲಭ ದಾರಿಯೂ ಇಲ್ಲ. ಒಂದೇ ಜೋಡಿಯಲ್ಲಿ ದಪ್ಪ ತಂತಿಗೆ ಒಂದು ಉದ್ದ ಬೇಕು, ತೆಳುವಿಗೆ ಇನ್ನೊಂದು. ಅವೆರಡರ ನಡುವೆ ಇರುವ ಜಾಗ ಎರಡೂವರೆ ಮಿ.ಮೀ. ತೆಳು ಎಫ್ ಶ್ರುತಿಯಲ್ಲಿ ಕೂರುವ ಹಾಗೆ ಕುದುರೆ ಇಟ್ಟು ನೋಡಿದೆ. 12ನೇ ಫ್ರೆಟ್‌ನಲ್ಲಿ ದಪ್ಪ ಎಫ್ ಸುಮಾರು 8 ಸೆಂಟ್ ಮೇಲಕ್ಕೆ ಹೋಯಿತು. ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್. 8 ಸೆಂಟ್ ಅಂದರೆ ಅಲ್ಪವೇ. ಆದರೆ ದಪ್ಪ ತಂತಿಯ ಎರಡನೇ ಹಾರ್ಮೋನಿಕ್ (ಅದರೊಳಗೇ ಒಂದು ಸ್ಥಾಯಿ ಮೇಲೆ ಕೇಳುವ ಸ್ವರ) ಮತ್ತು ತೆಳು ತಂತಿಯ ಸ್ವರ ಎರಡೂ 698 ಹರ್ಟ್ಸ್ ಹತ್ತಿರ ಬರುತ್ತವೆ. ಅಲ್ಲಿ 8 ಸೆಂಟ್ ಅಂದರೆ ಸೆಕೆಂಡಿಗೆ ಮೂರು ಸಲ ದನಿ ಅಲೆಯುತ್ತದೆ. ಕುಣಿಯುವ ಹಾಡಿನಲ್ಲಿ ಅದು ಮಿನುಗು. ನಿಧಾನದ ನೃತ್ಯಭಾಗವಾದ ಸರಬಾಂಡ್‌ನಲ್ಲಿ ಅದು ಸಹಿಸಲಾಗದ ನಡುಕ.

ಸಮಸ್ವರದ ಜೋಡಿಯಾದ ಕೂಡಲೇ ಈ ಗಂಟು ಬಿಚ್ಚಿಕೊಂಡಿತು. ಜೋಡಿಯ ಎರಡೂ ತಂತಿಗೆ ಒಂದೇ ಉದ್ದ ಸಾಕು. ಜೋಡಿಗೊಂದು ಮೆಟ್ಟಿಲಿನಂತೆ ಕುದುರೆಯ ನೆತ್ತಿಯನ್ನು ಕಡೆಯಬಹುದು.

ಹೊಸ ಕುದುರೆಗೆ ಕರಿಮರ ತೆಗೆದುಕೊಂಡೆ, ಎಬೊನಿ. ನೆತ್ತಿಗೆ ಮೂಳೆಯ ಪಟ್ಟಿ, 5 ಮಿ.ಮೀ. ಅಗಲ. ಮಾಮೂಲಿ 3 ಮಿ.ಮೀ. ಪಟ್ಟಿಯಲ್ಲಿ ಮೆಟ್ಟಿಲು ಕಡೆಯಲು ಜಾಗ ಸಾಲುವುದಿಲ್ಲ. ಮೊದಲು ಕಾಲುಗಳನ್ನು ಹಲಗೆಗೆ ಹೊಂದಿಸಿದೆ. ಹಲಗೆಯ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಒರಟು ಮುಖ ಮೇಲೆ ಮಾಡಿ, ಕುದುರೆಯನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿದೆ. ಹಲಗೆ ನೋಡಲು ಸಪಾಟು ಕಂಡರೂ ಹಾಗಿರುವುದಿಲ್ಲ. ಸ್ವಲ್ಪ ಉಬ್ಬು ಇದ್ದೇ ಇರುತ್ತದೆ. ಉಜ್ಜುತ್ತಾ ಹೋದಂತೆ ಕುದುರೆಯ ಕಾಲು ಅದೇ ಉಬ್ಬಿನ ಆಕಾರ ಪಡೆಯುತ್ತದೆ. ಕಾಲಿನಡಿ ತೆಳು ಕಾಗದ ತೂರದಿದ್ದರೆ ಸರಿಯಾಗಿದೆ ಅಂತ ಅರ್ಥ. ಈ ಹಂತದಲ್ಲಿ ತಾಳ್ಮೆ ಬೇಕೇ ಬೇಕು. ಎಷ್ಟೋ ವಾದ್ಯಗಳ ದನಿ ಮಂಕಾಗಿರುವುದು ಕುದುರೆಯ ಕಾಲು ಪೂರ್ತಿ ಊರದೇ ಇರುವುದರಿಂದಲೇ.

ನೆತ್ತಿ ಕಡೆಯುವ ಮೊದಲು ಜಾಗ ಗೊತ್ತು ಮಾಡಬೇಕು. ಇದಕ್ಕೊಂದು ಸುಲಭ ದಾರಿ ಇದೆ. ಕುದುರೆಯ ನೆತ್ತಿಯ ಮೇಲೆ ಪ್ರತಿ ತಂತಿಯಡಿ ಒಂದು ಸಣ್ಣ ತುಂಡು ತಂತಿ ಇಟ್ಟು, ಅದನ್ನು ಹಿಂದೆ ಮುಂದೆ ಸರಿಸುತ್ತಾ ಹೋಗಬೇಕು. 12ನೇ ಫ್ರೆಟ್‌ನ ಹಾರ್ಮೋನಿಕ್ ಸ್ವರ (ಬೆರಳು ಒತ್ತದೆ ಬರೀ ತಾಗಿಸಿ ಮೀಟಿದ್ದು) ಮತ್ತು ಅಲ್ಲೇ ಒತ್ತಿ ಹಿಡಿದ ಸ್ವರ ಒಂದೇ ಆಗುವ ಜಾಗ ಸಿಕ್ಕಿದ ಕೂಡಲೇ ಪೆನ್ಸಿಲ್ ಗುರುತು. ಲೆಕ್ಕದ 670 ಮಿ.ಮೀ.ಗಿಂತ ಹಿಂದಕ್ಕೆ ನನಗೆ ಸಿಕ್ಕ ದೂರ ಹೀಗಿತ್ತು: ಡಿ ಗೆ 1.3 ಮಿ.ಮೀ., ಎ ಗೆ 2.5, ಎಫ್ ಗೆ 1.8, ಸಿ ಗೆ 3. ಡಿ ಯಿಂದ ಎ ಗೆ ಹಿಂದೆ ಹೋಗಿ, ಎಫ್ ಗೆ ಮುಂದೆ ಬಂದು, ಸಿ ಗೆ ಮತ್ತೆ ಹಿಂದೆ ಹೋಗುತ್ತದೆ. ಮ್ಯಾಂಡೊಲಿನ್ ಕುದುರೆಯಲ್ಲೂ ಇದೇ ಅಂಕುಡೊಂಕು ನೋಡಬಹುದು. ಎ ಬರಿಯ ದಪ್ಪ ಉಕ್ಕು, ಎಫ್ ಸುತ್ತಿದ ತಂತಿ. ಸುತ್ತಿದ ತಂತಿಯ ಒಳಗಿನ ಎಳೆ ತೆಳು. ಸ್ವರ ಎಷ್ಟು ಏರುತ್ತದೆ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಒಳ ಎಳೆಯೇ.

ಗುರುತಿನ ಪ್ರಕಾರ ಸಣ್ಣ ಅರದಿಂದ ಮೂಳೆ ಕಡೆದೆ. ಪ್ರತಿ ಮೆಟ್ಟಿಲಿನ ಅಂಚು ಚೂಪಾಗಿರಬೇಕು, ಆದರೆ ತಂತಿ ಕುಯ್ಯುವಷ್ಟು ಅಲ್ಲ. ಅಂಚಿನ ಹಿಂದೆ ಇಳಿಜಾರು ಕೊಟ್ಟರೆ ತಂತಿ ಒಂದೇ ಗೆರೆಯಲ್ಲಿ ಬಿಡುತ್ತದೆ, ಸ್ವರ ಶುಭ್ರವಾಗಿ ಕೇಳುತ್ತದೆ.

ನಟ್, ಫ್ರೆಟ್, ಎತ್ತರ

ನಟ್ ಬದಲಿಸಲೇಬೇಕಾಯಿತು. ತೆಳು ತಂತಿಗೆಂದು ಕೊರೆದ ಕಚ್ಚಿನಲ್ಲಿ ಸುತ್ತಿದ ತಂತಿ ಕೂರುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಬಿರಡೆ ತಿರುಗಿಸಿದರೆ ಟಿಕ್ ಅಂತ ಜಿಗಿಯುತ್ತದೆ. ಹಳೆಯ ನಟ್‌ನ ಕಚ್ಚು ಅಗಲ ಮಾಡಬಹುದಿತ್ತು, ಆದರೆ ಆಮೇಲೆ ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ಮಾಸ್ಟೊರಾಗೆ ಕೊಟ್ಟ ಮಾತೂ ಇತ್ತು. ಮೂಳೆಯಲ್ಲಿ ಹೊಸದು ಮಾಡಿದೆ. ಸುತ್ತಿದ ಜೋಡಿಗಳ ನಡುವೆ 2.6 ಮಿ.ಮೀ., ಬರಿಯ ಜೋಡಿಗಳ ನಡುವೆ 2.3 ಬಿಟ್ಟೆ. ದಪ್ಪ ತಂತಿಗಳು ಜೋರಾಗಿ ಮೀಟಿದಾಗ ಅಗಲವಾಗಿ ಅಲ್ಲಾಡುತ್ತವೆ. ಹತ್ತಿರ ಇದ್ದರೆ ಒಂದಕ್ಕೊಂದು ತಾಗಿ ಕಿರುಗುಡುತ್ತವೆ. ಕಚ್ಚುಗಳಿಗೆ ಪೆನ್ಸಿಲ್ ಸೀಸದ ಪುಡಿ ಹಾಕಿದೆ.

ಫ್ರೆಟ್‌ಗಳು ಮೊದಲ ಐದರಲ್ಲಿ ಸವೆದಿದ್ದವು. ಮಾರ್ಕರ್ ಬಳಿದು, ನೇರ ಪಟ್ಟಿಗೆ ಅಂಟಿಸಿದ ಸ್ಯಾಂಡ್‌ಪೇಪರ್‌ನಿಂದ ಸಮ ಮಾಡಿ, ನೆತ್ತಿ ಮತ್ತೆ ದುಂಡಗೆ ಮಾಡಿದೆ. ಇದು ಯಾವ ಗಿಟಾರಿಗಾದರೂ ಮಾಡುವ ಕೆಲಸವೇ.

12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಡಿ ಕಡೆ 1.8 ಮಿ.ಮೀ., ಸಿ ಕಡೆ 2.2. ಇನ್ನೂ ತಗ್ಗಿಸಿದರೆ ಎಡಗೈಗೆ ಹಗುರ, ಆದರೆ ಜೋರಾಗಿ ನುಡಿಸಿದಾಗ ಝರ್ ಅನ್ನುತ್ತದೆ. ಬಾಖ್ ನುಡಿಸುವಾಗ ಮೆಲ್ಲಗೆ ಮತ್ತು ಜೋರಾಗಿ ಎರಡೂ ಬೇಕು. ಎತ್ತರ ಬದಲಾದರೆ ಕುದುರೆಯ ಮೆಟ್ಟಿಲುಗಳ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಎತ್ತರ ಮೊದಲು, ಶ್ರುತಿ ಆಮೇಲೆ.

ಬಾಲದ ಕಡೆಯ ಗುಂಯ್

ಎಲ್ಲ ಸೇರಿಸಿ ಪ್ರೆಲ್ಯೂಡ್ ನುಡಿಸಿದರೆ ದನಿಗಳು ಬಿಡಿಬಿಡಿಯಾಗಿ ಕೇಳಿದವು. ಬಿ-ಎ-ಬಿ ಚಲನೆ ಮೇಲೆ ಬಂದು ನಿಂತಿತು. ಆದರೆ ಒಂದೊಂದು ಸ್ವರ ನಿಲ್ಲಿಸಿದಾಗ ಹಿಂದೆ ಎಲ್ಲೋ ಸಣ್ಣ ಗುಂಯ್ ಅನ್ನುವ ದನಿ ಉಳಿಯುತ್ತಿತ್ತು. ಕುದುರೆ ಮತ್ತು ಬಾಲದ ನಡುವಿನ ತಂತಿಯ ತುಂಡುಗಳೂ ಕಂಪಿಸುತ್ತವೆ. ಅವುಗಳ ಸ್ವರಕ್ಕೂ ರಾಗಕ್ಕೂ ಸಂಬಂಧವೇ ಇಲ್ಲ. ಒಂದು ಪಟ್ಟಿ ಫೆಲ್ಟನ್ನು ಅಲ್ಲಿ ತಂತಿಗಳ ನಡುವೆ ಮೇಲೆ ಕೆಳಗೆ ಹೆಣೆದೆ. ಗುಂಯ್ ನಿಂತಿತು. ಕುದುರೆಗೆ ತೀರಾ ಹತ್ತಿರ ಹೆಣೆದರೆ ವಾದ್ಯದ ಮೊಳಗೂ ತಗ್ಗುತ್ತದೆ. ಬಾಲದ ಕಡೆಗೇ ಇರಲಿ.

ಮೀಟುವ ಪಿಕ್ ಕೂಡ ಬದಲಿಸಿದೆ. ತೆಳು ಪಿಕ್ ಜೋಡಿಯ ಎರಡು ತಂತಿಗಳನ್ನು ಟಕ್ ಟಕ್ ಅಂತ ಎರಡಾಗಿ ಮೀಟುತ್ತದೆ. 1.4 ಮಿ.ಮೀ. ದಪ್ಪದ, ತುದಿ ದುಂಡಗಿರುವ ಪಿಕ್‌ನಲ್ಲಿ ಎರಡೂ ಒಂದೇ ಆಗಿ ನುಡಿಯುತ್ತವೆ. ಉದ್ದ ಸ್ವರಗಳಿಗೆ ಟ್ರೆಮೊಲೊ ಹಾಕುವುದು (ಅದೇ ಸ್ವರವನ್ನು ಬೇಗ ಬೇಗ ಮೀಟುತ್ತಾ ಹೋಗುವುದು) ಬುಝೂಕಿಯವರ ಅಭ್ಯಾಸ. ಸರಬಾಂಡ್‌ನಲ್ಲಿ ನಾನು ಅದನ್ನು ಬಹಳ ಕಡಿಮೆ ಬಳಸುತ್ತೇನೆ. ಉಕ್ಕಿನ ತಂತಿ ತಾನಾಗಿಯೇ ಸಾಕಷ್ಟು ಹೊತ್ತು ನುಡಿಯುತ್ತದೆ, ಅದನ್ನು ಬಿಟ್ಟು ಕೊಡಬೇಕು.

ಕಳೆದುಕೊಂಡದ್ದೂ ಇದೆ. ಕೆಳಗಿನ ಜೋಡಿಗಳಲ್ಲಿದ್ದ ಆ ಹೊಳಪು ಹೋಯಿತು. ದನಿ ಈಗ ಗಂಭೀರ, ಸ್ವಲ್ಪ ಲ್ಯೂಟ್‌ನ ಕಡೆ ವಾಲಿದೆ. ಮಾಸ್ಟೊರಾ ಕೇಳಿ, "ಎಫ್ ಸರಿ ಮಾಡಿದೀಯ. ಸಿ ಮಾತ್ರ ಮೊದಲಿನ ಹಾಗೇ ಇರಬಹುದಿತ್ತು" ಅಂದರು. ಅವರ ಮಾತಿನಲ್ಲಿ ಹುರುಳಿದೆ. ಸಿ ಜೋಡಿಯ ತೆಳು ತಂತಿ ಬಿಟ್ಟು ಮೀಟಿದಾಗ ಡಿ ಗಿಂತ ಒಂದು ಸ್ವರ ಕೆಳಗೇ ಇರುತ್ತದೆ, ಎಫ್ ನಷ್ಟು ತೊಂದರೆ ಕೊಡುವುದಿಲ್ಲ. ಸಿ ಯನ್ನು 7ನೇ ಫ್ರೆಟ್‌ನಲ್ಲಿ ಹಿಡಿಯುವ ಜಿ ಸ್ವರಕ್ಕೂ ಮೇಲಿನ ಜಿ ಬಿ ಗಿಂತ ಕೆಳಗೇ ಬೀಳುತ್ತದೆ. ತೊಡಕು ಕುದುರೆಯದ್ದು: ಸಿ ಜೋಡಿಯ ಮೆಟ್ಟಿಲನ್ನೇ ಮತ್ತೆ ಎರಡಾಗಿ ಸೀಳಬೇಕು, ತೆಳು ತಂತಿಗೆ ಸುಮಾರು ಒಂದೂವರೆ ಮಿ.ಮೀ. ಮುಂದೆ. ಎರಡೂವರೆ ಮಿ.ಮೀ. ಅಂತರದೊಳಗೆ ಆ ಮೆಟ್ಟಿಲು ಕಡೆಯಲು ಇನ್ನೂ ಸಣ್ಣ ಅರ ಬೇಕು. ಇನ್ನೊಂದು ಮೂಳೆಯ ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ. ಮುಂದಿನ ಕೆಲಸ ಅದೇ.